ಮರವಂತೆಯಲ್ಲಿ ಕಾಯುವ ಬಸ್ಸು

“ಹ್ವಾಯ್, ಒಳ್ಗ್ ಹೋಯ್ನಿ! ಬಾಗ್ಲಲ್ಲ್ ನಿಂತ್ಕಂಡ್ ಎಂತ ಮಾಡ್ತ್ರಿ?” ನಸುಕಿನಲ್ಲೇ ಬೈಂದೂರಿನಿಂದ ಕುಂದಾಪುರಕ್ಕೆ ಹೊರಟ ಬಸ್ಸಿನ ಮೆಟ್ಟಿಲಲ್ಲಿ ಒಂಟಿಕಾಲೂರಿ ಕಂಡಕ್ಟರ್ ದೇವು ಕೂಗುತ್ತಿದ್ದಾರೆ. ಈ ಮನುಷ್ಯ ಕೂತದ್ದನ್ನು ದಿನಾ ಇದೇ ಬಸ್ಸಿಗೆ ಹೋಗುವ ನಾನಂತೂ ಕಾಣೆ. ಟಿಕೆಟ್ ಹರಿಯುತ್ತಾರೆ, ಸೀತು ಅಮ್ಮನ ಮೀನಿನ ಬುಟ್ಟಿ ಸರಿಸುತ್ತಾರೆ, ಮತ್ತೆ ಹೊರಗೆ ಇಣುಕುತ್ತಾರೆ. ಬೆನ್ನಿಗೇ ಇನ್ನೊಂದು ಖಾಸಗಿ ಬಸ್ಸಿದೆ. ಸ್ವಲ್ಪ ತಡೆದರೂ ಕುಂದಾಪುರದಲ್ಲಿ ಟೈಮ್ ಕೀಪರ್ ಬರೆದುಕೊಳ್ಳುತ್ತಾನೆ, ಬಸ್ಸಿನ ಧಣಿಗೆ ಫೋನು ಹೋಗುತ್ತದೆ.

ಆದರೂ ದಿನ ಬಿಟ್ಟು ದಿನ ಈ ಬಸ್ಸು ಮರವಂತೆಯಲ್ಲಿ ಕಾಯುತ್ತದೆ. ಹೊಳೆಬದಿಯ ವನಜ ಅವರಿಗೆ ಕಿಡ್ನಿ ಕೈಕೊಟ್ಟಿದೆ; ಕುಂದಾಪುರದಲ್ಲಿ ಡಯಾಲಿಸಿಸ್. ಹೊತ್ತಿಗೆ ಮುಟ್ಟದಿದ್ದರೆ ಅವರ ಸರದಿ ಬೇರೆಯವರಿಗೆ. ಬಾತ ಕಾಲೆಳೆಯುತ್ತ ಬರುವ ಅವರನ್ನು ದೇವು ಕೈಹಿಡಿದು ಹತ್ತಿಸುತ್ತಾರೆ. ಮೊನ್ನೆ ಧಣಿ ಹೇಳಿಯೇ ಬಿಟ್ಟಿದ್ದಾರೆ: ಇನ್ನೊಮ್ಮೆ ತಡವಾದರೆ ಕೆಲಸಕ್ಕೆ ಬರುವುದು ಬೇಡ.

ಮುಂಬೈ ಹೋಟೆಲಿನಲ್ಲಿ ಲೋಟ ತೊಳೆದು, ೧೯೯೭ರಲ್ಲಿ ಊರಿಗೆ ಬಂದು ಸೀಟಿ ಹಿಡಿದವರು ದೇವು. ಹದಿನಾರು ವರ್ಷದಿಂದ ಇದೇ ರಸ್ತೆ, ಇದೇ ಬೈಗುಳ. ಮುಂಬೈಯ ಶನಿವಾರದ ಭಜನೆಯಲ್ಲಿ ಕೇಳಿದ ಒಬ್ಬ ಭಕ್ತನ ಕಥೆಯನ್ನು ಮಾತ್ರ ಮರೆತಿಲ್ಲ. “ಅವ ಅಪ್ಪಯ್ಯ, ಅಮ್ಮನ ಕಾಲ್ ಒತ್ತುತಿದ್ದ. ದೇವ್ರ್ ಬಂದ್ರೆ, ಈ ಇಟ್ಟಿಗಿ ಮೇಲ್ ನಿಂತ್ಕಣಿ, ಕೆಲ್ಸ ಮುಗ್ಸಿ ಬತ್ತೆ ಅಂದ. ದೇವ್ರ್ ನಿಂತ್ರ್ ಮಾರಾಯ್ರೆ! ನಮ್ ಬಸ್ಸಿಗೆಂತ ಧಾಡಿ?”

ಇವತ್ತು ಮರವಂತೆಯಲ್ಲಿ ವನಜ ಇಲ್ಲ. ದೇವು ಹಾರಿಳಿದು ಹೊಳೆಬದಿಯ ದಾರಿಗೆ ಓಡುತ್ತಾರೆ, ಕೂಗುತ್ತಾರೆ. ಕಡಲಿನ ಗದ್ದಲದಲ್ಲಿ ಯಾರಿಗೆ ಕೇಳಬೇಕು! “ದೇವು, ನನ್ ಮೀನ್ ಹಾಳಾತ್ತ್!” ಎಂದು ಸೀತು ಅಮ್ಮ. ದೂರದಲ್ಲಿ ಹಿಂದಿನ ಬಸ್ಸಿನ ಹಾರ್ನ್. ಹೊಟ್ಟೆಪಾಡು, ಏನು ಮಾಡುವುದು? ದೇವು ವಾಪಸು ಬಂದು ಸೀಟಿ ಊದುತ್ತಾರೆ. ಆಮೇಲೆ ಅವರ ಮುಖ ನೋಡಲಾಗುವುದಿಲ್ಲ. ತಲ್ಲೂರಿನವರಿಗೆ ಹೆಮ್ಮಾಡಿ ಟಿಕೆಟ್ ಕೊಟ್ಟು ಬೈಸಿಕೊಳ್ಳುತ್ತಾರೆ. 

ಕುಂದಾಪುರಕ್ಕೆ ಸರಿಯಾದ ಹೊತ್ತಿಗೇ ಮುಟ್ಟುತ್ತೇವೆ. ದೇವು ಚಾ ಕುಡಿಯಲೂ ಹೋಗದೆ ನಿಲ್ದಾಣದ ತುಂಬ ಅಡ್ಡಾಡುತ್ತಾರೆ. ಹಿಂದಿನ ಬಸ್ಸು ತಡವಾಗಿ ಬರುತ್ತದೆ. ಒಮ್ಮೆ ಟೈಮಿಂಗ್ ಜಗಳದಲ್ಲಿ ದೇವು ಅವರ ಅಂಗಿ ಹರಿದಿದ್ದ ಕಂಡಕ್ಟರ್ ಪ್ರೇಮಾನಂದ ಇಳಿಯುತ್ತಾನೆ. ಅವನ ಕೈಹಿಡಿದು ವನಜ! “ದೂರದಿಂದ ಕೈ ಬೀಸ್ತಾ ಬತ್ತಿದ್ರ್. ಬಿಟ್ಟ್ ಬಪ್ಕೆ ಮನಸ್ ಬರ್ಲಿಲ್ಲೆ” ಎಂದು ಗೊಣಗುತ್ತಾನೆ.

ಟೈಮ್ ಕೀಪರ್ ಆಗಲೇ ಪೆನ್ನು ತೆಗೆದಿದ್ದಾನೆ. ದೇವು ನಡುವೆ ನುಗ್ಗುತ್ತಾರೆ. “ತಪ್ಪ್ ಅವಂದಲ್ಲ. ಇವ್ರನ್ನ ಹತ್ಸ್ಕಂಬ್ದ್ ನನ್ ಕೆಲ್ಸ. ಆ ತಡ ನಮ್ ಬಸ್ಸಿಗೆ ಬರಿನಿ.”

ನಮ್ಮ ಧಣಿಗೆ ಫೋನು ಹೋಗಿಯೇ ಹೋಗುತ್ತದೆ. “ಕೆಲಸ ಹೋದರೆ?” ಎಂದು ನಾನು ಕೇಳುತ್ತೇನೆ. ದೇವು ವನಜ ಅವರನ್ನು ರಿಕ್ಷಾ ಹತ್ತಿಸಿ ಪ್ರೇಮಾನಂದನ ಕಡೆ ತಿರುಗುತ್ತಾರೆ.

“ನಾಡಿದ್ದ್ ನಾ ಇಲ್ದಿದ್ರೆ ನೀ ನಿಲ್ಸ್ ಮಾರಾಯ. ವನಜಕ್ಕಂಗೆ ಬೇಗ ಹೆಜ್ಜಿ ಹಾಕುಕಾತಿಲ್ಲೆ.”