ಮಾನ್ವಿಯ ಗದ್ದೆಯಲ್ಲಿ ತಂಗಿದ ಕುರಿಗಳು

ಮಾನ್ವಿಯ ಆ ಗದ್ದೆಯಲ್ಲಿ ಕುರಿಗಾರ ಹೆಂಗಸು ಆ ಮಾತನ್ನು ನಿಜಕ್ಕೂ ಆಡಿದಳೋ, ನನ್ನ ಸಿಟ್ಟೇ ಆಮೇಲೆ ಅದನ್ನು ಅವಳ ಬಾಯಿಗೆ ತುರುಕಿತೋ ಹೇಳಲಾರೆ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ.

ಕುರಿಗಳ ರಕ್ತ ತೆಗೆಯಲು ನಾನೂ ನನ್ನ ಪಿಎಚ್‌ಡಿ ಗೈಡೂ ಹೋಗಿದ್ದೆವು. ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಲ್ಲಿ ಯಾವ ಜೀನ್‌ಗಳು ಚುರುಕಾಗಿವೆ ಎಂದು ನೋಡಬೇಕಿತ್ತು. ದೇವದುರ್ಗದ ಒಣನೆಲದ ಕುರಿಗಳನ್ನು ಮಾನ್ವಿಯ ಕಾಲುವೆ ನೀರಿನ ಕುರಿಗಳ ಜೊತೆ ಹೋಲಿಸುವುದು ಯೋಜನೆ. ಸಿರಿಂಜು ಹಿಡಿದವನು ನಾನು. ಅವರು ಬದುವಿನ ಮೇಲೆ ಕೊಡೆ ಬಿಚ್ಚಿ ಕೂತಿದ್ದರು.

ಭತ್ತ ಕಟಾವಾಗಿತ್ತು. ಹೆಂಗಸು ಕುರಿಯ ಕತ್ತು ಅದುಮಿ ಹಿಡಿದು ಅಂದಳು: "ನಾವು ಇಲ್ಲಿಯವರಲ್ಲ ಯಪ್ಪಾ, ದೇವದುರ್ಗದ ಕಡಿಯವರು. ಗೊಬ್ಬರಕ್ಕಂತ ಹೊಲದಾಗ ಕುರಿ ತರುಬೀವಿ. ನಾಟಿಗಿಂತ ಮುಂಚಿ ಹೊಳ್ಳಿ ಹೋಗ್ತೀವಿ."

ಜೀಪಿನಲ್ಲಿ ಗೈಡ್‌ಗೆ ಅವಳ ಮಾತು ಹೇಳಿದೆ. "ಕುರಿಗೂ ಆಧಾರ್ ಕಾರ್ಡ್ ಕೇಳ್ತೀಯೇನಲೇ?" ಎಂದು ನಕ್ಕರು.

ಅವರ ಪ್ರಬಂಧ ಅಚ್ಚಾಯಿತು. ಮಾನ್ವಿಯ ಕುರಿಗಳು ತಲೆಮಾರುಗಳಿಂದ ಒದ್ದೆನೆಲದ ಜಂತುಹುಳುಗಳಿಗೆ ಹೊಂದಿಕೊಂಡಿವೆ, ರಕ್ತಕಣಗಳಲ್ಲಿ ಕಾಣುವ ವ್ಯತ್ಯಾಸ ಅದರದೇ ಗುರುತು ಎಂದು ಬರೆದಿದ್ದರು. ನನ್ನ ಹೆಸರು ಎಲ್ಲೂ ಇರಲಿಲ್ಲ. ಅಂದಿನಿಂದ ನನಗೆ ಒಂದೇ ಆಸೆ. ಆ ತೀರ್ಮಾನ ನಾಲ್ಕು ಜನರೆದುರು ಕುಸಿಯಬೇಕು, ಅವರು ಅದನ್ನು ನಿಂತು ನೋಡಬೇಕು.

ರಾಯಚೂರಿನ ವಿಚಾರಸಂಕಿರಣದಲ್ಲಿ ಅವರು ಅದನ್ನು ಮಂಡಿಸಿದಾಗ ಎದ್ದು ಕೇಳಿದೆ: ಆ ಕುರಿಗಳು ಬೇರೆ ಕಡೆಯಿಂದ ಬಂದವಾಗಿದ್ದರೆ? ಕೆಲವೇ ವಾರಗಳ ಹುಳುಬಾಧೆ ಆ ಜೀನ್‌ಗಳನ್ನು ಎಬ್ಬಿಸಿರಬಹುದಲ್ಲ?

"ಎಲ್ಲಿಂದ ಬಂದಿದ್ವೋ ತಮ್ಮಾ? ನಿನ್ನ ತಲಿ ಬಿಟ್ರ ಎಲ್ಲಿ ಅದ ಸಾಕ್ಷಿ?" ಎಂದರು ಗೈಡ್.

ಸಭೆ ನಕ್ಕಿತು. ನಾನು ಕೂತೆ. ಆ ನಗು ಇನ್ನೂ ಕಿವಿ ಸುಡುತ್ತದೆ.

ಮರುದಿನ ದೇವದುರ್ಗದ ಬಸ್ಸು ಹತ್ತಿದೆ. ಮೊಬೈಲಿನಲ್ಲಿ ಅಂದಿನ ಒಂದು ಫೋಟೋ ಇತ್ತು: ರಕ್ತ ತೆಗೆಯುವ ಮುನ್ನ ಹಿಡಿದು ನಿಲ್ಲಿಸಿದ ಕುರಿ, ಅದರ ಎಡಗಿವಿಯ ತುದಿಯಲ್ಲಿ ಎರಡು ಕಚ್ಚು. ತಮ್ಮ ಹಿಂಡು ಬೇರೆಯವರದರಲ್ಲಿ ಬೆರೆಯದಿರಲಿ ಎಂದು ಕುರಿಗಾರರು ಹಾಗೆ ಕಿವಿ ಕತ್ತರಿಸುತ್ತಾರೆ. ಫೋಟೋ ತೋರಿಸುತ್ತ, ವಿಚಾರಿಸುತ್ತ ಕೊನೆಗೆ ಆ ಹೆಂಗಸಿನ ದೊಡ್ಡಿ ಮುಟ್ಟಿದೆ.

ಅವಳಿಗೆ ನನ್ನ ಗುರುತಿಲ್ಲ. ಗೊಬ್ಬರದ ಮಾತು ಆಡಿದ್ದೂ ನೆನಪಿಲ್ಲ.

"ಸೂಜಿ ಚುಚ್ಚಾಕ ಭಾಳ ಮಂದಿ ಬರ್ತಾರ. ಯಾರ್ಯಾರ ಮಾರಿ ನೆನಪಿಡ್ಲಿ?" ಎಂದಳು. ಮತ್ತೆ ಫೋಟೋ ನೋಡಿ, "ಕಿವಿ ಮಾತ್ರ ನಮ್ದ ಐತಿ."

ಅವಳ ಮಾತನ್ನೂ ನಂಬದೆ ದೊಡ್ಡಿಯೊಳಗೆ ಹೋಗಿ ಒಂದೊಂದೇ ಕುರಿಯನ್ನು ಹಿಡಿದು ನೋಡಿದೆ. ಎಲ್ಲದರ ಎಡಗಿವಿಯಲ್ಲೂ ಅದೇ ಎರಡು ಕಚ್ಚು ಇದ್ದವು. ಫೋಟೋದಲ್ಲಿ ಅಂಥದೇ ಕಿವಿಯ ಹಿಂದೆ, ಮಾನ್ವಿಯ ಬದುವಿನ ಮೇಲೆ, ಕೊಡೆ ಬಿಚ್ಚಿ ಕೂತ ನನ್ನ ಗೈಡ್ ಸ್ಪಷ್ಟವಾಗಿ ಕಾಣುತ್ತಾರೆ.