ಬೆನ್ನಿನ ಮಾಂಸ, ಎರವಲು ಬಾಯಿ

ಮೊಟ್ಟೆ ಹಾಕಿದ ಕೇಕನ್ನೂ ವಿಚಾರಿಸಿ ತಿನ್ನುವ ನಾನು, ಒಂದು ಶನಿವಾರ ಬೆಳಿಗ್ಗೆ ಹಂದಿಯ ಬೆನ್ನಿನ ಮಾಂಸದ ಜೊತೆ ಕ್ಯಾಲಿಫೋರ್ನಿಯಾದ ಡಬ್ಲಿನ್ನಿನಿಂದ ಕ್ಯಾಂಪ್‌ಬೆಲ್‌ಗೆ ಹೊರಟೆ. ಮಾಂಸ ನನ್ನದಲ್ಲ, ಜಗಳವೂ ನನ್ನದಲ್ಲ. ಬಾಯಿ ಮಾತ್ರ ನನ್ನದು, ಅದನ್ನೇ ಅವರು ಕೇಳಿ ಪಡೆದಿದ್ದರು. ವಿಜಯಪುರದಲ್ಲಿ ನಮ್ಮವ್ವ "ಈ ಬಾಯಿ ಒಂದಿನ ನಿನ್ನ ಮನಿ ಮುರೀತದ ನೋಡು" ಎನ್ನುತ್ತಿದ್ದಳು. ಇನ್ನೊಬ್ಬರ ಮನೆ ಕೂಡಿಸಲು ಅದು ಬೇಕಾದೀತೆಂದು ಅವಳಿಗೂ ಹೊಳೆದಿರಲಿಕ್ಕಿಲ್ಲ.

ಕೇಳಿದವಳು ನಮ್ಮ ಅಪಾರ್ಟ್‌ಮೆಂಟಿನ ಎದುರು ಬಾಗಿಲಿನ ಹುಡುಗಿ. ಮಣಿಪುರದ ಗುಡ್ಡದ ಕಡೆಯವಳು, ಆಸ್ಪತ್ರೆಯಲ್ಲಿ ನರ್ಸು. ಅವಳೂ ಅವಳ ಗಂಡನೂ ಬೆಂಗಳೂರಿನಲ್ಲಿ ಓದಿದವರು, ಹಾಗಾಗಿ ಇಬ್ಬರಿಗೂ ಕನ್ನಡ ಬರುತ್ತದೆ. ಈ ಸಂಗತಿ ನಮ್ಮ ಕನ್ನಡ ಬಳಗದವರಿಗೆ ಗೊತ್ತಾದಾಗ ಆದ ಸಂಭ್ರಮ ಹೇಳತೀರದು. ರಾಜ್ಯೋತ್ಸವದ ದಿನ ಅವಳನ್ನು ವೇದಿಕೆಗೆ ಹತ್ತಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, "ನೋಡಿ, ಇವರು ಕಲಿತಿದ್ದಾರೆ, ನಮ್ಮ ಮಕ್ಕಳು ಕಲಿಯುತ್ತಿಲ್ಲ" ಎಂದು ಭಾಷಣ ಮಾಡಿದೆವು. ನಮ್ಮ ಮಕ್ಕಳು ಹಿಂದಿನ ಸಾಲಿನಲ್ಲಿ ಕೂತು ಫೋನಿನಿಂದ ತಲೆ ಎತ್ತದೆ ಚಪ್ಪಾಳೆ ತಟ್ಟಿದರು. ನಿಮ್ಮ ಮನೆಮಾತು ಯಾವುದು ಎಂದು ಮಾತ್ರ ಯಾರೂ ಕೇಳಲಿಲ್ಲ. ಊಟದ ಸಾಲಿನಲ್ಲಿ ಒಬ್ಬರು "ಮನೆಯಲ್ಲಿ ಚೈನೀಸ್ ಮಾತಾಡ್ತೀರಾ?" ಎಂದರು. ಅವಳು ನಕ್ಕು, ಇಲ್ಲ ಅಂಕಲ್, ಥಾಡೋ ಎಂದಳು. ಅವರು "ಓ, ವೆರಿ ನೈಸ್" ಎಂದು ಹಪ್ಪಳ ಹಾಕಿಸಿಕೊಂಡು ಮುಂದೆ ಹೋದರು.

ನಾನು ಕೇಳಿದೆ. ದೊಡ್ಡಗುಣದಿಂದಲ್ಲ, ಕುತೂಹಲ ನನ್ನ ಕಾಯಿಲೆ. ಥಾಡೋ ಅವಳ ಜನದ ಹೆಸರೂ ಹೌದು, ಭಾಷೆಯ ಹೆಸರೂ ಹೌದು. ದನಿ ಏರಿಸಿ ಇಳಿಸಿದರೆ ಅರ್ಥ ಬದಲಾಗುವ ಭಾಷೆ. ಏರಿಸುವುದೊಂದನ್ನೇ ಬಲ್ಲ ನಾನು ಒಂದು ವಾರ ಕಲಿತು ಕೈಬಿಟ್ಟೆ. ಅವರಲ್ಲಿ ಅಜ್ಜನ ಹೆಸರಿನ ಕೊನೆಯ ತುಣುಕು ಹಿರಿಯ ಮೊಮ್ಮಗನ ಹೆಸರಿನ ಮೊದಲ ತುಣುಕಾಗುತ್ತದಂತೆ. ಹಾಗೆ ತಲೆಮಾರುಗಳು ಒಂದರ ಬಾಲ ಒಂದು ಹಿಡಿದು ಸಾಗುತ್ತವೆ. ನಮ್ಮ ಬಳಗದಲ್ಲಿ ಮಕ್ಕಳಿಗೆ ಹೆಸರಿಡುವಾಗ ಅಜ್ಜನನ್ನು ಯಾರೂ ನೆನೆಯುವುದಿಲ್ಲ, ಕಾಫಿ ಅಂಗಡಿಯಲ್ಲಿ ಲೋಟದ ಮೇಲೆ ಬರೆಯುವವರಿಗೆ ಸುಲಭವಾಗಬೇಕೆಂದು ಯೋಚಿಸುತ್ತೇವೆ.

ಅವಳಿಗೊಬ್ಬ ಪುಟ್ಟ ಮಗ, ಆಗಷ್ಟೇ ಮಾತು ಕಲಿಯುತ್ತಿದ್ದ. ಡೇಕೇರಿನಲ್ಲಿ ಇಂಗ್ಲಿಷು, ಟೀವಿಯಲ್ಲಿ ಇಂಗ್ಲಿಷು. ಥಾಡೋ ಕಿವಿಗೆ ಬೀಳುತ್ತಿದ್ದದ್ದು ಭಾನುವಾರ ಮಾತ್ರ, ಕ್ಯಾಂಪ್‌ಬೆಲ್ಲಿನಲ್ಲಿರುವ ದೊಡ್ಡಪ್ಪನ, ಅಂದರೆ ಅವಳ ಗಂಡನ ಅಣ್ಣನ, ಮನೆಯಲ್ಲಿ. ಅಲ್ಲಿ ದೊಡ್ಡಪ್ಪ, ದೊಡ್ಡಮ್ಮ, ಇವಳು, ಇವಳ ಗಂಡ ಸೇರಿ ಸಂಜೆತನಕ ಅದೇ ಮಾತು. ಊರಿನ ಕಡೆ ಗಲಾಟೆಯಾಗಿ ಅವರ ಹಳ್ಳಿಯವರೆಲ್ಲ ಚದುರಿಹೋಗಿದ್ದರು. ಅದರ ಬಗ್ಗೆ ಅವಳು ಹೆಚ್ಚು ಹೇಳಲಿಲ್ಲ, ನಾನೂ ಒಮ್ಮೆಯಾದರೂ ಬಾಯಿ ಮುಚ್ಚಿಕೊಂಡೆ. ಆ ಮಗುವಿನ ಪಾಲಿಗೆ ಕ್ಯಾಂಪ್‌ಬೆಲ್ಲಿನ ಆ ಮನೆಯೇ ಊರಾಗಿತ್ತು. ಆ ಊರೂ ಒಂದು ಕ್ರಿಸ್‌ಮಸ್ಸಿನಲ್ಲಿ ಕೈಬಿಟ್ಟಿತು.

ಆದದ್ದಿಷ್ಟು. ಅವರ ಪದ್ಧತಿಯಲ್ಲಿ ಮನೆಯಲ್ಲಿ ಪ್ರಾಣಿ ಕಡಿದರೆ ಬೆನ್ನಿನ ಮಾಂಸ ಹಿರಿಯನಿಗೆ ಸೇರಬೇಕು. ಅದಕ್ಕೆ ಸಾತಿಂಗ್ ಎನ್ನುತ್ತಾರೆ. ಹಿರಿಯನಿಗೆ ಮಾಂಸದ ಬಡತನವೇನಿಲ್ಲ. ನೀನು ನನಗೆ ಹಿರಿಯ ಎಂದು ಕಿರಿಯ ಬಾಯಲ್ಲಿ ಹೇಳದೆ ಕೈಯಲ್ಲಿ ಹೇಳುವುದು ಅದು. ಆ ಸಲ ಇವರು ಹಬ್ಬಕ್ಕೆ ಇಡೀ ಹಂದಿ ತರಿಸಿದ್ದರು. ತಮ್ಮನಿಗೆ ಆಫೀಸಿನಲ್ಲಿ ಏನೋ ಸಾಫ್ಟ್‌ವೇರ್ ರಿಲೀಸು. ಫ್ರೀವೇ ಮೇಲೆ ಟ್ರಾಫಿಕ್ಕು. ಅವನು ಬೆನ್ನಿನ ಮಾಂಸವನ್ನು ಐಸ್ ಡಬ್ಬಿಯಲ್ಲಿಟ್ಟು, ಪಿಜ್ಜಾ ತರಿಸುವ ಆಪಿನಲ್ಲೇ ಒಬ್ಬ ಡ್ರೈವರನನ್ನು ಕರೆಸಿ ಕಳಿಸಿಬಿಟ್ಟ. ಡ್ರೈವರ್ ಡಬ್ಬಿಯನ್ನು ಕಾಲೊರಸಿನ ಮೇಲಿಟ್ಟು, ಫೋಟೋ ತೆಗೆದು ಹೋದ. ಅಣ್ಣನ ಫೋನಿಗೆ ಸಂದೇಶ ಬಂತು: ನಿಮ್ಮ ವಸ್ತು ತಲುಪಿದೆ, ಎಷ್ಟು ನಕ್ಷತ್ರ ಕೊಡುತ್ತೀರಿ?

ಅಣ್ಣ ಒಂದೂ ಕೊಡಲಿಲ್ಲ. ಡಬ್ಬಿಯನ್ನು ಒಳಗೂ ತರಲಿಲ್ಲ. ರಾತ್ರಿ ಕಸದ ತೊಟ್ಟಿ ಕೆದರುವ ರಕೂನು ಪ್ರಾಣಿಗಳು ಬಂದು ಅಪ್ಪಂದಿರ ಕಾಲದ ಮರ್ಯಾದೆಯನ್ನು ಹುಲ್ಲಿನ ತುಂಬ ಎಳೆದಾಡಿದವು. ಬೆಳಿಗ್ಗೆ ಬಡಾವಣೆಯ ಕಮಿಟಿಯಿಂದ ಅವನಿಗೆ ನೋಟೀಸು ಬಂತು. ಅಂದಿನಿಂದ ಮಾತಿಲ್ಲ, ಭಾನುವಾರವಿಲ್ಲ. ಸಿಟ್ಟಿಗೆ ತಮ್ಮನು ಮನೆಯಲ್ಲೂ ಇಂಗ್ಲಿಷಿಗೆ ಇಳಿದ. ಒಂದು ವರ್ಷ ಕಳೆಯುವುದರೊಳಗೆ ಮಗು ಅವ್ವನ ಮಾತಿಗೆ "ವಾಟ್?" ಎನ್ನತೊಡಗಿತು. ಅದನ್ನು ಹೇಳುವಾಗ ಅವಳು ಅತ್ತಳು. ನನ್ನ ಮಗಳು ಹಾಗೆನ್ನತೊಡಗಿ ಬಹಳ ಕಾಲವಾಗಿದೆ, ನಾನು ಅತ್ತ ನೆನಪಿಲ್ಲ.

"ಫೋನ್ ಮಾಡಿ ಸಾರಿ ಅಂದರ ಮುಗೀತಲ್ಲವ್ವಾ" ಎಂದೆ.

"ಹಾಗೆ ಆಗಲ್ಲ ಆಂಟಿ. ನಮ್ಮಲ್ಲಿ ಇಂಥ ವಿಷಯ ಮನೆಯವರೇ ಮಾತಾಡೋ ಹಾಗಿಲ್ಲ. ಮನೆ ಪರವಾಗಿ ಮಾತಾಡೋಕೆ ಒಬ್ಬರು ಇರ್ತಾರೆ, ಬೇಚಾ ಅಂತ. ಊರಲ್ಲಾದ್ರೆ ಹತ್ತಿರದವರೇ ಇರ್ತಾರೆ. ಇಲ್ಲಿ ಯಾರಿದ್ದಾರೆ?" ಎಂದು ನನ್ನ ಮುಖ ನೋಡಿದಳು. "ನೀವು ಚೆನ್ನಾಗಿ ಮಾತಾಡ್ತೀರ."

ನನ್ನ ಗಂಡ ಸೋಫಾದಲ್ಲಿ ಕೂತೇ "ಅದಕ್ಕೇನ್ ಕಡಿಮಿ ಇಲ್ಲ" ಎಂದರು. ಅವರನ್ನೂ ಬಿಡಲಿಲ್ಲ. ಇಂಥ ಕೆಲಸದಲ್ಲಿ ಮಾಂಸ ಹೊರಲು ಒಬ್ಬ ನೆಂಟ ಬೇಕಂತೆ, ಆ ಹುದ್ದೆ ಅವರಿಗೆ ಸಿಕ್ಕಿತು. ಸೋಮವಾರ ಬೆಳ್ಳುಳ್ಳಿಯನ್ನೂ ಬಿಡುವ ಮನುಷ್ಯ.

ಒಂದು ತುಂಡು ಮಾಂಸಕ್ಕೆ ಅಣ್ಣತಮ್ಮಂದಿರು ಮುಖ ತಿರುಗಿಸಿದರಲ್ಲ ಎಂದು ನಾನು ಸಿಕ್ಕವರ ಮುಂದೆಲ್ಲ ಹೇಳಿ ನಕ್ಕೆ. ನಮ್ಮ ಕನ್ನಡ ಬಳಗ ಒಡೆದದ್ದು ಬೇರೆ ವಿಷಯ. ಅಲ್ಲಿ ತತ್ವದ ಪ್ರಶ್ನೆಯಿತ್ತು. ರಾಜ್ಯೋತ್ಸವದ ಊಟಕ್ಕೆ ಜೋಳದ ರೊಟ್ಟಿ ಎಂದು ಸಭೆಯಲ್ಲಿ ಗೊತ್ತಾಗಿತ್ತು. ನಾವು ಬಡಿಯುವ ಕೈಗಳನ್ನೂ ಹೊಂದಿಸಿಕೊಂಡಿದ್ದೆವು. ಕೊನೆಯ ಗಳಿಗೆಯಲ್ಲಿ ಕಾರ್ಯದರ್ಶಿ, ಮೈಸೂರಿನವರು, ನಮಗಿಂತ ಹಿರಿಯರು, "ಅಷ್ಟು ಜನಕ್ಕೆ ರೊಟ್ಟಿ ಆಗೋ ಮಾತಲ್ಲ" ಎಂದು ತಮ್ಮಷ್ಟಕ್ಕೆ ತಾವೇ ಬಿಸಿಬೇಳೆಬಾತ್ ಹೇಳಿಬಿಟ್ಟರು. ನಾನು ಸಭೆಯಲ್ಲೇ ಎದ್ದು ನಾಲ್ಕು ಮಾತು ಆಡಿದೆ. ಅವರು ಎರಡು ಆಡಿದರು. ಈಗ ಎರಡು ಬಳಗ, ಎರಡು ಅಧ್ಯಕ್ಷರು, ಒಂದೇ ಶನಿವಾರ ಎರಡು ಶಾಲೆಗಳ ಸಭಾಂಗಣದಲ್ಲಿ ಎರಡು ರಾಜ್ಯೋತ್ಸವ. ಎರಡೂ ಕಡೆ ಕನ್ನಡಿಗರೆಲ್ಲ ಒಂದಾಗಬೇಕು ಎಂಬ ಭಾಷಣ. ಹಿಂದೆ ಯುಗಾದಿಗೆ ಅವರ ಮನೆಯಲ್ಲೇ ಊಟ ಮಾಡುತ್ತಿದ್ದ ನಾನು, ಈಗ ಇಂಡಿಯನ್ ಗ್ರೋಸರಿಯಲ್ಲಿ ಅವರು ಎದುರಾದರೆ ಉಪ್ಪಿನಕಾಯಿ ಬಾಟಲಿ ಹಿಂದುಮುಂದು ಓದುತ್ತಾ ನಿಲ್ಲುತ್ತೇನೆ.

ಬೇಚಾ ಕೆಲಸಕ್ಕೆ ನಾನು ತಯಾರಿ ಮಾಡಿಕೊಂಡೆ. ಮೂರು ಬಗೆಯ ವಾದ, ಎರಡು ಗಾದೆ, ನಡುವೆ ಒಂದು ನಗೆಹನಿ. ಫ್ರೀವೇ ಮೇಲೆ ಅವುಗಳನ್ನು ಒಪ್ಪಿಸುತ್ತಿದ್ದಾಗ ಹಿಂದಿನ ಸೀಟಿನಿಂದ ಅವಳು ತಡೆದಳು.

"ಆಂಟಿ, ಇದ್ಯಾವುದೂ ಬೇಡ. ಕಾರಣ ಹೇಳ್ಬಾರ್ದು. ಟ್ರಾಫಿಕ್ ಇತ್ತು, ಆಫೀಸ್ ಇತ್ತು ಅನ್ನಬಾರ್ದು. ಅವರ ಕಡೆ ಬೇಚಾ ಬೈತಾರೆ. ಬೈಸ್ಕೋಬೇಕು. ತಪ್ಪಾಯ್ತು ಅನ್ನಬೇಕು. ಅಷ್ಟೇ."

"ತಿರುಗಿ ಒಂದು ಮಾತೂ ಆಡಬಾರದೇನು?"

"ಒಂದೂ ಆಡ್ಬಾರ್ದು. ಇವತ್ತು ಅವರು ಮಾಂಸ ಮುಟ್ಟಲಿಲ್ಲ ಅಂದ್ರೆ ಮುಗೀತು ಆಂಟಿ. ಇನ್ನೊಂದು ಸಲ ಹೋಗೋ ಹಾಗಿಲ್ಲ."

ಅವಳ ಗಂಡ ಕಿಟಕಿಯಾಚೆ ನೋಡುತ್ತಿದ್ದ. ಮಗು ಕಾರ್ ಸೀಟಿನಲ್ಲಿ ಇಂಗ್ಲಿಷ್ ಹಾಡು ಹೇಳಿಕೊಳ್ಳುತ್ತಿತ್ತು. ಮಾತಾಡಬಾರದ ಕೆಲಸಕ್ಕೆ ನನ್ನನ್ನು ಕರೆದಿದ್ದಾರೆಂದು ಅರ್ಥವಾಗುವಷ್ಟರಲ್ಲಿ ಕ್ಯಾಂಪ್‌ಬೆಲ್ ಬಂದಿತ್ತು.

ಬಾಗಿಲು ತೆರೆದದ್ದು ದೊಡ್ಡಮ್ಮ. ಹಾಲಿನಲ್ಲಿ ಅಣ್ಣ ಕೈಕಟ್ಟಿ ಕೂತಿದ್ದ, ನಮ್ಮ ಕಡೆ ನೋಡಲಿಲ್ಲ. ಅವನ ಪಕ್ಕದಲ್ಲಿ ಅವನ ಬೇಚಾ ಕೂತಿದ್ದರು. ಆಫೀಸಿನಲ್ಲಿ ಅವನ ಜೊತೆ ಕೆಲಸ ಮಾಡುವವರು, ಇಸ್ತ್ರಿ ಅಂಗಿ, ಮೂಗಿನ ತುದಿಗೆ ಕನ್ನಡಕ. ನಮ್ಮ ಬಳಗದ ಮಾಜಿ ಕಾರ್ಯದರ್ಶಿ. ಬಿಸಿಬೇಳೆಬಾತ್.

ನನ್ನ ಗಂಡ ಮಾಂಸದ ಬುಟ್ಟಿ ಹಿಡಿದು ನಿಂತಲ್ಲೇ "ಶಿವಾ" ಎಂದರು.

ಹಿಂದೆ ಇಂಥ ಮಾತುಕತೆಗೆ ಅಕ್ಕಿಯ ಕಳ್ಳು ಇಡುತ್ತಿದ್ದರಂತೆ. ಈಗ ಚರ್ಚಿಗೆ ಹೋಗುವವರು, ಹಾಲಿಲ್ಲದ ಚಹಾ ಇಟ್ಟರು. ಥಾಡೋ ಮನೆಯೊಂದನ್ನು ಕೂಡಿಸುವ ಸಂಧಾನ ಹೀಗೆ ಕ್ಯಾಲಿಫೋರ್ನಿಯಾದಲ್ಲಿ, ಒಬ್ಬರ ಮುಖ ಒಬ್ಬರು ನೋಡದ ಇಬ್ಬರು ಕನ್ನಡಿಗರ ನಡುವೆ, ಕನ್ನಡದಲ್ಲಿ ಶುರುವಾಯಿತು. ಅಣ್ಣನೂ ಬೆಂಗಳೂರಿನಲ್ಲಿ ಓದಿದವನೇ, ಅವನಿಗೆ ಎಲ್ಲ ತಿಳಿಯುತ್ತಿತ್ತು.

ಅವಳು ಕಲಿಸಿದಷ್ಟನ್ನೇ ನಾನು ಹೇಳಿದೆ: "ಸಣ್ಣವನು ಬಂದಾನ್ರೀ. ಕೊಡಬೇಕಾದ್ದನ್ನ ಕೊಡಾಕ ಬಂದಾನ."

ಮೈಸೂರಿನವರು ಚಹಾ ಲೋಟ ಕೆಳಗಿಟ್ಟರು. ಬೈಯುವ ಹಕ್ಕು ಅವರದ್ದೆಂದು ಅವರಿಗೂ ಯಾರೋ ಹೇಳಿಕೊಟ್ಟಿದ್ದರು.

"ನೋಡಿ ಮೇಡಂ, ದೊಡ್ಡೋರು ಅಂದ್ಮೇಲೆ ಒಂದು ಮರ್ಯಾದೆ ಇರುತ್ತಲ್ವಾ. ಆ ಮರ್ಯಾದೆ ಬಾಗಿಲ ಹೊರಗೆ ಇಟ್ಟು ಹೋಗೋದಾ? ಹಿರಿಯರ ಕಡೆಯಿಂದ ಒಂದು ಮಾತು ಹೆಚ್ಚುಕಮ್ಮಿ ಆಗಿದ್ರೂ, ಮನೆಗೆ ಬಂದು ಕೇಳಬಹುದಿತ್ತಲ್ಲ. ಅದು ಬಿಟ್ಟು ಬೇರೆ ಒಲೆ ಹೂಡೋದಾ? ಇಷ್ಟು ವರ್ಷ ಒಟ್ಟಿಗೆ ಉಂಡಿದ್ದು ಎಲ್ಲಿ ಹೋಯ್ತು?"

ಆ ಅಣ್ಣತಮ್ಮಂದಿರ ಜಗಳದಲ್ಲಿ ಬೇರೆ ಒಲೆಯ ಮಾತೇ ಇರಲಿಲ್ಲ. ಒಲೆ ನಮ್ಮದು. ಹಬ್ಬಕ್ಕೆ ಬೇರೆ ಸಭಾಂಗಣ ಹಿಡಿದು ರೊಟ್ಟಿ ಬಡಿದವರು ನಾವು. ನನ್ನ ಬಾಯಿಗೆ ನಾಲ್ಕು ಉತ್ತರ ಬಂದವು, ನಾಲ್ಕೂ ಒಳ್ಳೆಯವು. ರೊಟ್ಟಿ ಎಂಬ ಪದ ತುಟಿಯ ತನಕ ಬಂತು. ಅಷ್ಟರಲ್ಲಿ ಮಗು ದೊಡ್ಡಮ್ಮನ ಸೆರಗಿಲ್ಲದ ಬಟ್ಟೆಯನ್ನೇ ಹಿಡಿದೆಳೆದು ಏನೋ ಕೇಳಿತು. ಅವಳು ಥಾಡೋದಲ್ಲಿ ಮೆಲ್ಲಗೆ ಉತ್ತರಿಸಿದಳು. ಅದು "ವಾಟ್?" ಎಂದು ಅವಳ ಮುಖ ನೋಡಿತು. ದೊಡ್ಡಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಅಣ್ಣನೂ ಕೇಳಿಸಿಕೊಂಡ.

ನಾನು ನಾಲ್ಕನ್ನೂ ನುಂಗಿದೆ. ಜನ್ಮದಲ್ಲಿ ಅಷ್ಟು ಕಹಿಯಾದದ್ದನ್ನು ನುಂಗಿದ್ದಿಲ್ಲ.

"ತಪ್ಪಾಗೇತ್ರಿ" ಎಂದೆ. "ಸಣ್ಣವರು. ದೊಡ್ಡವರು ನೀವು ಹೊಟ್ಟ್ಯಾಗ ಹಾಕ್ಕೋಬೇಕು."

ನಾನದನ್ನು ಹೇಳಿದ್ದು ಎದುರುಮನೆ ಹುಡುಗನ ಪರವಾಗಿ. ಇದನ್ನು ಈಗಲೂ ಎಲ್ಲಿ ಬೇಕಾದರೂ ಹೇಳುತ್ತೇನೆ. ಆದರೆ ಮೈಸೂರಿನವರು ಕನ್ನಡಕ ತೆಗೆದು, ಅಂಗಿಯ ಚುಂಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ದನಿ ಇಳಿಸಿ, "ನಮ್ಮ ಕಡೇದೂ ಇದೆ ಮೇಡಂ. ದೊಡ್ಡೋರಾದವರು ಒಂದು ಮಾತು ಕೇಳಿ ಮಾಡಬೇಕಿತ್ತು. ಮಾಡ್ಲಿಲ್ಲ" ಎಂದರು. ಅವರು ಯಾವ ಮನೆಯ ಬೇಚಾ ಆಗಿ ಅದನ್ನು ಹೇಳಿದರೋ ದೇವರಿಗೇ ಗೊತ್ತು.

ತಮ್ಮನು ನನ್ನ ಗಂಡನ ಕೈಯಿಂದ ಬುಟ್ಟಿ ಇಸಕೊಂಡು, ಮುಂದೆ ಬಂದು, ಎರಡೂ ಕೈಯಲ್ಲಿ ಹಿಡಿದು ಅಣ್ಣನ ಮುಂದೆ ಬಗ್ಗಿ ನಿಂತ. ಅಣ್ಣ ಬಹಳ ಹೊತ್ತು ಬುಟ್ಟಿಯನ್ನೇ ನೋಡಿದ. ಅಣ್ಣ ಎದ್ದು, ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡ. ತಮ್ಮ ಅವನನ್ನು ಕರೆದದ್ದು ಒಂದೇ ಸದ್ದು, "ಊ" ಎಂದು. ಅಣ್ಣ ಎಂಬುದಕ್ಕೆ ಅವರಲ್ಲಿ ಅಷ್ಟೇ ಪದ.

ಆಮೇಲೆ ಆ ಮನೆಯಲ್ಲಿ ಹೊರಟಂಥ ಮಾತನ್ನು ನಾನು ಎಂದೂ ಕೇಳಿರಲಿಲ್ಲ. ನಾಲ್ಕು ಜನ ಒಟ್ಟಿಗೇ ಆಡುತ್ತಿದ್ದರು, ದನಿ ಏರುತ್ತಿತ್ತು, ಇಳಿಯುತ್ತಿತ್ತು, ಒಂದು ವರ್ಷದ ಬಾಕಿಯೆಲ್ಲ ಹೊರಗೆ ಬರುತ್ತಿತ್ತು. ಮಗು ನಡುವೆ ನಿಂತು ಬಾಯಿಂದ ಬಾಯಿಗೆ ನೋಡುತ್ತಿತ್ತು. ಇಬ್ಬರು ಬೇಚಾಗಳನ್ನು ಯಾರೂ ಕೇಳುವವರಿರಲಿಲ್ಲ. ಮೈಸೂರಿನವರೂ ನಾನೂ ಒಂದೇ ಸೋಫಾದ ಎರಡು ತುದಿಯಲ್ಲಿ ಕೂತು, ತಣ್ಣಗಾದ ಚಹಾ ಕುಡಿದು ಮುಗಿಸಿ, ಖಾಲಿ ಲೋಟಗಳನ್ನೂ ಕುಡಿದೆವು. ಬೇರೆಯವರ ಪರವಾಗಿ ಅಷ್ಟು ಚೆನ್ನಾಗಿ ಮಾತಾಡಿದ ನಮಗೆ ಸ್ವಂತಕ್ಕೆ ಒಂದು ಮಾತೂ ಹುಟ್ಟಲಿಲ್ಲ. ಹೊರಡುವಾಗ ಅವರು ನನ್ನ ಗಂಡನಿಗೆ "ಬರ್ತೀನಿ" ಎಂದರು, ನಾನು ಗೋಡೆಗೆ "ಆಗ್ಲಿ" ಎಂದೆ.

ರಾಜ್ಯೋತ್ಸವ ಬಂತು. ಮತ್ತೆ ಎರಡು ಸಭಾಂಗಣ, ಎರಡು ಬ್ಯಾನರು. ಹಿಂದಿನ ದಿನ ಮಧ್ಯಾಹ್ನ ಬಾಗಿಲ ಗಂಟೆ ಸದ್ದಾಯಿತು. ತೆರೆದರೆ ಯಾರೂ ಇಲ್ಲ, ಕಾಲೊರಸಿನ ಮೇಲೆ ಒಂದು ಸ್ಟೀಲ್ ಡಬ್ಬಿ. ಮುಚ್ಚಳ ತೆಗೆಯುವ ಮೊದಲೇ ತುಪ್ಪ ಮತ್ತು ಇಂಗಿನ ವಾಸನೆಯ ಗುರುತು ಸಿಕ್ಕಿತು. ನನಗೆ ರೇಗಿತು. ಅಷ್ಟು ದೊಡ್ಡ ಮಾತಾಡಿದ ಮನುಷ್ಯ, ಮರ್ಯಾದೆಯನ್ನು ಬಾಗಿಲ ಹೊರಗೆ ಇಡಬಾರದೆಂದ ಮನುಷ್ಯ, ಆಪಿನಲ್ಲಿ ಬಿಸಿಬೇಳೆಬಾತ್ ಕಳಿಸಿದ್ದಾರೆ. ಮುಟ್ಟಬಾರದು ಎಂದುಕೊಂಡೆ. ಡಬ್ಲಿನ್ನಿನಲ್ಲೂ ರಕೂನುಗಳಿವೆ.

ಎದುರು ಬಾಗಿಲು ತೆರೆಯಿತು. ಅವಳು ಮಗುವನ್ನು ಎತ್ತಿಕೊಂಡು ಹೊರಬಂದಳು. ಮಗು ಡಬ್ಬಿ ತೋರಿಸಿ ಥಾಡೋದಲ್ಲಿ ಏನೋ ಕೇಳಿತು, ಅವಳು ಉತ್ತರಿಸಿದಳು, ಅದು ಮತ್ತೂ ಏನೋ ಕೇಳಿತು.

"ಆಪಿನವರು ಅಲ್ಲ ಆಂಟಿ" ಎಂದಳು. "ಅಂಕಲ್ಲೇ ತಂದಿದ್ದು. ಗಂಟೆ ಒತ್ತಿ ಕೆಳಗೆ ಓಡಿಹೋದ್ರು. ಪಾರ್ಕಿಂಗಲ್ಲಿ ಕಾರಲ್ಲಿ ಕೂತಿದ್ದಾರೆ, ನೋಡಿ."

ರೇಲಿಂಗಿನಿಂದ ಬಗ್ಗಿ ನೋಡಿದೆ. ಬಿಳಿ ಕಾರು, ಒಳಗೆ ಇಸ್ತ್ರಿ ಅಂಗಿ. ಎರಡು ಕೈಯೂ ಸ್ಟಿಯರಿಂಗಿನ ಮೇಲೆ. ಹೋಗುತ್ತಲೂ ಇಲ್ಲ, ಇಳಿಯುತ್ತಲೂ ಇಲ್ಲ.

"ಅವರ ಪರವಾಗಿ ಮಾತಾಡೋಕೆ ಯಾರೂ ಇಲ್ಲ ಅಲ್ವಾ" ಎಂದಳು. "ನಾನು ಬೇಚಾ ಆಗ್ತೀನಿ ಆಂಟಿ. ಯಾರ ಕಡೆ ಆಗ್ಲಿ, ನಿಮ್ಮ ಕಡೆನಾ, ಅವರ ಕಡೆನಾ?"

ನಾನು ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡೆ. ಇನ್ನೂ ಬಿಸಿಯಿತ್ತು.

"ಅವರ ಕಡಿ ಮಾತಾಡವ್ವ" ಎಂದೆ. "ನಾ ಸುಮ್ಮನ ಕೂಡ್ತೀನಿ."