ಬೆಟ್ಟದ ತುದಿಯ ಕಲ್ಲು

ಹೋದ ತಿಂಗಳು ಪಕ್ಕದ ಮನೆಯವರು ಅಡಿಗೆಮನೆಯ ಕಟ್ಟೆಗೆ ಹೊಸ ಗ್ರಾನೈಟ್ ಹಾಕಿಸಿದರು. ಮನೆ ಮುಂದಿನ ಡ್ರೈವ್‌ವೇಯಲ್ಲಿ ನೀರು ಬಿಡುತ್ತ ಕಲ್ಲು ಕೊಯ್ಯುತ್ತಿದ್ದರು. ನಮ್ಮ ಕಿಟಕಿ ತೆರೆದಿತ್ತು. ಒದ್ದೆ ಕಲ್ಲುಪುಡಿಯ ವಾಸನೆ ಒಳಗೆ ಬಂತು. ಒಂದು ಕಾಲದಲ್ಲಿ ಆ ವಾಸನೆ ನನ್ನ ಕೂದಲಿಗೆ, ಸ್ವೆಟರಿಗೆ, ಊಟದ ಡಬ್ಬಿಗೆ ಅಂಟಿಕೊಂಡೇ ಇರುತ್ತಿತ್ತು. ಅದರ ಹಿಂದೆಯೇ ಅಕ್ಕ ನೆನಪಾದರು...

ತೊಂಬತ್ತರ ದಶಕದ ನಡುವಿನ ವರ್ಷಗಳವು. ಮೈಸೂರಿನಲ್ಲಿ ಬಾಟನಿ ಎಂ.ಎಸ್ಸಿ. ಮಾಡಿ ಬಂದಿದ್ದ ನನಗೆ ಟೊರೊಂಟೊ ಹತ್ತಿರದ ಬರ್ಲಿಂಗ್ಟನ್ನಿನ ಒಂದು ಸಣ್ಣ ಲ್ಯಾಬಿನಲ್ಲಿ ಕಲ್ಲು ತೊಳೆಯುವ ಕೆಲಸ ಸಿಕ್ಕಿತ್ತು. ಗಣಿ ಕಂಪನಿಗಳು, ಯೂನಿವರ್ಸಿಟಿಗಳು ಕಳಿಸಿದ ಕಲ್ಲುಗಳನ್ನು ಅಲ್ಲಿ ಬಿಲ್ಲೆಯಾಗಿ ಕೊಯ್ದು, ಗಾಜಿನ ಪಟ್ಟಿಗೆ ಅಂಟಿಸಿ, ಕೂದಲಿಗಿಂತ ತೆಳ್ಳಗಾಗುವವರೆಗೆ ಅರೆಯುತ್ತಿದ್ದರು. ಆಗ ಕಲ್ಲಿನೊಳಗಿಂದ ಬೆಳಕು ಹಾಯುತ್ತದೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅದರ ಹೊಟ್ಟೆಯಲ್ಲಿ ಏನಿದೆಯೆಂದು ತಿಳಿಯುತ್ತದೆ.

ಹಾಗೆ ಅರೆಯುತ್ತಿದ್ದವರನ್ನೇ ನಾನು ಅಕ್ಕ ಎನ್ನುತ್ತಿದ್ದೆ. ಬೆಳಗಾವಿ ಕಡೆಯವರು. ವಯಸ್ಸು ಐವತ್ತರ ಆಸುಪಾಸು. ಜಾರ್ಜ್‌ಟೌನಿನಿಂದ ದಿನಾ ಕಾರು ಓಡಿಸಿಕೊಂಡು ಬರುತ್ತಿದ್ದರು. ಮೆಟ್ರಿಕ್ಕಿನ ಮೇಲೆ ಓದಿದವರಲ್ಲ. ಆದರೆ ಮಷೀನು ಮಾಡಿ ಬಿಟ್ಟದ್ದನ್ನು ಕೊನೆಗೆ ಗಾಜಿನ ಹಲಗೆಯ ಮೇಲೆ ಬೆರಳಿನಿಂದಲೇ, ಕಣ್ಣು ಮುಚ್ಚಿಕೊಂಡು ಅರೆದು ಮುಗಿಸುವುದು ಅವರೊಬ್ಬರಿಂದಲೇ ಆಗುತ್ತಿತ್ತು. "ಎಷ್ಟು ಸಾಕು ಅನ್ನೂದು ಬೆರಳಿಗೆ ತಿಳಿತೈತಿ, ಕಣ್ಣಿಗೆ ತಿಳಿಯಂಗಿಲ್ಲ ತಂಗಿ," ಎನ್ನುತ್ತಿದ್ದರು.

ಒಂದು ಸೆಪ್ಟೆಂಬರಿನಲ್ಲಿ ಟೊರೊಂಟೊದಿಂದ ಪ್ರೊಫೆಸರೊಬ್ಬರು ಬಟ್ಟೆಚೀಲಗಳಲ್ಲಿ ಕಲ್ಲು ತಂದರು. ಎಲ್ಸ್‌ಮಿಯರ್ ದ್ವೀಪದ ಉತ್ತರದ ಅಂಚಿನವು. ಅಲ್ಲಿಂದಾಚೆ ಧ್ರುವದವರೆಗೆ ಹೆಪ್ಪುಗಟ್ಟಿದ ಸಮುದ್ರ ಬಿಟ್ಟರೆ ನೆಲವೇ ಇಲ್ಲವಂತೆ. ಅಲ್ಲೊಂದು ಬೆಟ್ಟ. ಮುಕ್ಕಾಲು ಪಾಲು ಮಂಜುಗಡ್ಡೆಯೊಳಗೆ ಹೂತು, ಕೆರೆಯಲ್ಲಿ ಮುಳುಗಿದ ಎಮ್ಮೆಯ ಬೆನ್ನಿನ ಹಾಗೆ ತುದಿಯಷ್ಟೇ ಹೊರಗಿದೆ. ಹೆಲಿಕಾಪ್ಟರಿನಲ್ಲಿ ಹೋದ ಅವರಿಗೆ ಮೋಡ ಕವಿಯುವ ಮೊದಲು ಸಿಕ್ಕಿದ್ದು ಒಂದೇ ತಾಸು. ತುದಿಯಲ್ಲಿ ಮುಷ್ಟಿಗಾತ್ರದ ಒಂದು ಸುಣ್ಣಕಲ್ಲು, ಕೆಳಗೆ ಮಂಜುಗಡ್ಡೆ ಆಗಷ್ಟೇ ಕರಗಿ ಹಿಂದೆ ಸರಿದ ಜಾಗದಲ್ಲಿ ಇನ್ನೊಂದು ಬಂಡೆಯಿಂದ ಒಡೆದುಕೊಂಡಿದ್ದರು. ಎರಡೂ ಒಂದೇ ಬೂದು ಬಣ್ಣ. ಯಾವುದು ಎಷ್ಟು ಹಳೆಯದು ಎಂದು ತಿಳಿದರೆ ಬೆಟ್ಟ ಎದ್ದ ಬಗೆ ಗೊತ್ತಾಗುತ್ತದೆ ಎಂದರು. ಮತ್ತೆ ಹೋಗುವ ಅವಕಾಶ ಸದ್ಯಕ್ಕಿಲ್ಲ ಎಂದೂ ಹೇಳಿದರು.

ಒಂದು ಕಲ್ಲು ತೊಳೆದು, ಅದರ ಚೀಲದ ಮೇಲೇ ಇಟ್ಟು, ಆಮೇಲೆ ಇನ್ನೊಂದನ್ನು ಮುಟ್ಟಬೇಕು. ಅಕ್ಕ ಮೊದಲ ದಿನವೇ ಕಲಿಸಿದ್ದ ಪಾಠ ಇದು. ಈ ಕಲ್ಲುಗಳು ಬಂದ ದಿನ ನಾನು ಅವಸರದಲ್ಲಿ ಎರಡನ್ನೂ ಒಟ್ಟಿಗೆ ತೊಳೆದು ಒಂದೇ ತಟ್ಟೆಯಲ್ಲಿಟ್ಟೆ. ಅಕ್ಕ ಕೊಯ್ದು, ಅರೆದು ಗಾಜು ಕೈಗೆ ಕೊಟ್ಟಾಗಲೇ ಯಾವುದು ಯಾವ ಚೀಲದ್ದೆಂದು ನನಗೆ ಗೊತ್ತಿಲ್ಲ ಎಂಬುದು ಹೊಳೆದದ್ದು. ಕೆಲಸ ಹೋದರೆ ಎಂಬ ಭಯ. ತೋಚಿದ ಹಾಗೆ ಗಾಜಿನ ಮೇಲೆ ಚೀಲದ ನಂಬರು ಬರೆದು ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಅಕ್ಕ ಮೈಕ್ರೋಸ್ಕೋಪಿನ ಹತ್ತಿರ ಕರೆದರು. ಒಂದು ಕಲ್ಲಿನಲ್ಲಿ ಜೇನುಗೂಡಿನಂಥ ಹವಳ, ಇನ್ನೊಂದರಲ್ಲಿ ಗೋಧಿ ಕಾಳಿನಂಥ ಸಣ್ಣ ಚಿಪ್ಪುಗಳು. "ಜೇನುಗೂಡಿಂದು ಭಾಳ ಹಳೇದು, ಗೋಧಿ ಕಾಳಿಂದು ಅದಾದಮ್ಯಾಲಿನ ಕಾಲದ್ದು. ಅಂಥಾ ಥಂಡಿ ಜಾಗಾದಾಗ ಒಂದ ಕಾಲಕ್ಕ ಬೆಚ್ಚಗಿನ ಸಮುದ್ರ ಇತ್ತು ನೋಡು," ಎಂದರು. ಅವರ ಮುಖದಲ್ಲಿದ್ದ ಸಂತೋಷ ನೋಡಿ ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ.

ಅಕ್ಕ ಬೈಯಲಿಲ್ಲ. ಮಷೀನು ಆಫ್ ಮಾಡಿದರು. ಕೈ ಒರೆಸಿಕೊಂಡರು.

"ಮೊದಲ ಆ ನಂಬರ್ ಅಳಿಸು."

"ಅಕ್ಕ, ಹಳೇದು ಕೆಳಗಡೆ ತಾನೇ ಇರ್ಬೇಕು? ಹಾಗೇ ಬರೆದ್ರೆ ಸರಿ ಹೋಗುತ್ತಲ್ವಾ?"

"ಹಂಗ ಇರಬೇಕು ಅಂತ ಮನ್ಯಾಗ ಕುಂತು ಹೇಳಬೌದು. ಹಂಗ ಐತೋ ಇಲ್ಲೋ ನೋಡಾಕ ಅವರು ಅಲ್ಲಿತನಾ ಹೋಗಿ ಬಂದಾರ."

ಕೊಯ್ದು ಉಳಿದ ಚೂರುಗಳನ್ನು ಅಕ್ಕ ಬಕೆಟ್ಟಿನಲ್ಲಿ ಹಾಕಿಡುತ್ತಿದ್ದರು. ಅದನ್ನು ನೆಲಕ್ಕೆ ಸುರಿದುಕೊಂಡು ಇಬ್ಬರೂ ಕೂತೆವು. ಎರಡೂ ಕಲ್ಲುಗಳ ಹೊರಮೈ ಚೂರುಗಳು ಸಿಕ್ಕಲು ಮಧ್ಯಾಹ್ನವಾಯಿತು. ಗೋಧಿ ಕಾಳಿನ ಕಲ್ಲಿನ ಮೈ ನುಣುಪಾಗಿತ್ತು. ದೀಪಕ್ಕೆ ಓರೆಯಾಗಿ ಹಿಡಿದರೆ ಅದರ ಮೇಲೆ ಸಾಲುಸಾಲು ಗೀರು. "ಮಂಜುಗಡ್ಡಿ ಮ್ಯಾಲಿಂದ ತಿಕ್ಕೊಂತ ಹೋಗೇತಿ," ಎಂದರು. ಜೇನುಗೂಡಿನ ಕಲ್ಲಿನ ಅಂಚು ಚೂಪಾಗಿತ್ತು. ಅದರ ಬಿರುಕಿನಲ್ಲಿ ನನ್ನ ಬ್ರಷ್ಷಿಗೆ ಸಿಗದೆ ಉಳಿದ ಕಿತ್ತಳೆ ಬಣ್ಣದ ಒಂದು ಚುಕ್ಕೆ. ಅದನ್ನು ನನ್ನ ಅಂಗೈಯಲ್ಲಿಟ್ಟು, "ನೀ ಬಾಟನಿ ಓದಿದಾಕಿ. ಇದೇನು ಹೇಳು," ಎಂದರು.

ಈ ದೇಶಕ್ಕೆ ಬಂದ ಮೇಲೆ ನಾನು ಓದಿದ್ದನ್ನು ಕೇಳಿದವರು ಅವರೊಬ್ಬರೇ. ಲೆನ್ಸು ಹಿಡಿದು ನೋಡಿದೆ. ಕಲ್ಲುಹೂವು. ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ದೂರದ ನೆಂಟ. ಬೆಳಕು, ಗಾಳಿ ಬೇಕು, ಮಂಜುಗಡ್ಡೆಯ ಕೆಳಗೆ ಬೆಳೆಯುವುದಿಲ್ಲ ಎಂದೆ. ಹಾಗಾದರೆ ತುದಿಯ ಕಲ್ಲು ಇದೇ.

"ಗೊತ್ತಾಯ್ತಲ್ಲ ಅಕ್ಕ, ಇನ್ನು ಬರೆದುಬಿಡ್ಲಾ?"

"ಇದು ನಮ್ಮ ಅಂದಾಜು. ಕಲ್ಲು ಒಡೆದು ತಂದವರು ನೋಡಿ ಹೇಳಲಿ," ಎಂದು ಫೋನು ಎತ್ತಿದರು. ಅವರ ಇಂಗ್ಲಿಷು ಇನ್ನೂ ಕಿವಿಯಲ್ಲಿದೆ. "ವಿ ಮೇಡ್ ಎ ಮಿಸ್ಟೇಕ್ ಇನ್ ದ ವಾಷಿಂಗ್, ಸರ್." ತೊಳೆದವಳು ನಾನು, ಆದರೆ ಅವರು ಹೇಳಿದ್ದು 'ನಾವು'.

ಮರುದಿನ ಪ್ರೊಫೆಸರು ತಾವು ಕಲ್ಲು ಒಡೆಯುವ ಮೊದಲು ತೆಗೆದಿದ್ದ ಫೋಟೋಗಳೊಂದಿಗೆ ಬಂದರು. ಮುಖ ಬಿಗಿದುಕೊಂಡಿತ್ತು. ತುದಿಯ ಕಲ್ಲಿನ ಫೋಟೋದಲ್ಲಿ ಕವಲೊಡೆದ ಒಂದು ಬಿಳಿ ಗೆರೆ. ಅಕ್ಕ ಜೇನುಗೂಡಿನ ಚೂರುಗಳನ್ನು ಒಂದಕ್ಕೊಂದು ಜೋಡಿಸಿ ಮುಂದಿಟ್ಟರು. ಅದೇ ಗೆರೆ, ಅದೇ ಕವಲು. ಪ್ರೊಫೆಸರು ಕುರ್ಚಿ ಎಳೆದುಕೊಂಡು ಕೂತರು. ಹಳೆಯ ಪದರ ಮೇಲೆ, ಹೊಸದು ಕೆಳಗೆ... ಎಂದೋ ನೆಲ ಒತ್ತಿ ಬಂದು ಪದರಗಳು ಮಡಚಿ, ಮಗುಚಿಕೊಂಡಿದ್ದವು. ನನ್ನ ಮಾತಿನಂತೆ ಬರೆದಿದ್ದರೆ ಆ ಬೆಟ್ಟ ಅವರ ಲೆಕ್ಕದಲ್ಲಿ ನೆಟ್ಟಗೆ ನಿಂತುಬಿಡುತ್ತಿತ್ತು. ಹೊರಡುವಾಗ ಅವರು ಅಕ್ಕನ ಕೈ ಕುಲುಕಿದರು. ಅಕ್ಕ ನನ್ನತ್ತ ತೋರಿಸಿ, ಕಲ್ಲುಹೂವು ಗುರುತಿಸಿದ್ದು ಇವಳು ಎಂದರು. ತಪ್ಪು ಯಾರದೆಂದು ಅವರೂ ಕೇಳಲಿಲ್ಲ, ಅಕ್ಕನೂ ಹೇಳಲಿಲ್ಲ.

ಮುಂದೆ ಲ್ಯಾಬು ಮುಚ್ಚಿತು. ನಾನು ಸ್ಕೂಲೊಂದರಲ್ಲಿ ಕೆಲಸಕ್ಕೆ ಸೇರಿದೆ. ದೀಪಾವಳಿಗೆ ಒಂದು ಫೋನು, ಅಷ್ಟೇ ಉಳಿಯಿತು. ಎರಡು ವರ್ಷದ ಹಿಂದೆ ಅಕ್ಕ ತೀರಿಕೊಂಡಾಗ ನಾನು ಮೈಸೂರಿನಲ್ಲಿದ್ದೆ.

ಕಲ್ಲಿನ ವಾಸನೆ ಬಂದ ಆ ಸಂಜೆಯೇ ಅವರ ಮಗಳಿಗೆ ಫೋನು ಮಾಡಿದೆ. ಅಮ್ಮ ಟೈಲ್ಸ್ ಫ್ಯಾಕ್ಟರಿಯಲ್ಲಿದ್ದಳೆಂದೇ ಅವಳು ತಿಳಿದಿದ್ದಳು. ನಾನು ಎಲ್ಲ ಹೇಳಿದೆ, ನಾನು ಬರೆದ ಸುಳ್ಳು ನಂಬರನ್ನೂ ಸೇರಿಸಿ.

"ಷಿ ನೆವರ್ ಟೋಲ್ಡ್ ಅಸ್, ಆಂಟಿ," ಎಂದಳು. ಆಮೇಲೆ ಗಂಡನನ್ನೂ ಮಗಳನ್ನೂ ಕರೆದು ಫೋನು ಸ್ಪೀಕರಿಗೆ ಹಾಕಿ, ಮೊದಲಿನಿಂದ ಇನ್ನೊಮ್ಮೆ ಹೇಳಿ ಎಂದಳು.

ಅಕ್ಕ ಇದ್ದಿದ್ದರೆ "ಅಷ್ಟ್ಯಾಕ ಹೇಳ್ತಿ, ಬಿಡು," ಎಂದು ಮಾತು ತಿರುಗಿಸುತ್ತಿದ್ದರು. ತಡೆಯಲು ಅವರಿರಲಿಲ್ಲ. ನಾನು ಮೊದಲಿನಿಂದ ಶುರುಮಾಡಿದೆ.